ಹಿರಿಯರಿಗೊಂದು ಎಡೆ, ಹಿರಿಯರಿಗೊಂದು ಫಾತೆಹಾ
(ಸುವರ್ಣ ಮಹೋತ್ಸವದ ಎರಡನೆಯ ದಿನ ಮಾಡಿದ ಭಾಷಣದ ಬರಹರೂಪ)



"ನಮ್ಮ ತಾಲೂಕಿನ ಇತಿಹಾಸದ ಮ್ಯಾಲೆ ಅರ್ಧ ತಾಸು ಮಾತಾಡ್ರಿ ಸರ್" ಎಂದು ಸಮಿತಿಯವರು ಹೇಳಿದರು. ಖಾನಾಪುರ ತಾಲೂಕಿನ ಇತಿಹಾಸ ಎಂದರೆ ಹಲಸಿಯ ಕದಂಬರು, ನಂದಗಡದ ಸಂಗೊಳ್ಳಿ ರಾಯಣ್ಣ, ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಇಷ್ಟು ಹೇಳಿ ಕೂಡುವುದು ವಾಡಿಕೆ. ಅದನ್ನು ಈ ಶಾಲೆಯ ಎಂಟನೆಯ ತರಗತಿಯ ಮಕ್ಕಳೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಿನ್ನೆಯ ಭಾಷಣ ಸ್ಪರ್ಧೆಯಲ್ಲಿ ಕೇಳಿದ್ದೇನೆ. ಹಾಗಾಗಿ ನಾನು ನಮ್ಮ ಶಾಲೆಯ ಹಾಜರಿ ಪುಸ್ತಕದಿಂದಲೇ ಒಂದು ವಿಷಯ ಎತ್ತಿಕೊಳ್ಳುತ್ತೇನೆ.

ಇಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ವರ್ಷಗಳಲ್ಲಿ ದಿನಾ ಬೆಳಿಗ್ಗೆ ಹೆಸರು ಕೂಗುತ್ತಿದ್ದೆ. ಒಂದೇ ಅಡ್ಡಹೆಸರು, ಅದರ ಮುಂದೆ ಮೂರು ಬಗೆಯ ಹೆಸರು. ಗಣಪತಿ ಸಿದ್ದಿ, ಅಂತೋನಿ ಸಿದ್ದಿ, ಹುಸೇನಸಾಬ ಸಿದ್ದಿ. ಬೇರೆ ಯಾವ ಅಡ್ಡಹೆಸರಿಗೂ ಹೀಗೆ ಮೂರು ಧರ್ಮಗಳು ಸಾಲಾಗಿ ನಿಲ್ಲುವುದನ್ನು ನಾನು ಕಂಡಿಲ್ಲ. ಇವತ್ತು ಮಾತಾಡುವುದು ಸಿದ್ದಿಗಳ ಬಗ್ಗೆ, ಅದರಲ್ಲೂ ಸಿದ್ದಿ ಮುಸ್ಲಿಮರ ಬಗ್ಗೆ. ಅವರ ನಂಬಿಕೆ, ಅವರ ಹಿರಿಯರ ನೆನಪು, ಇವೆರಡೂ ಒಂದೇ ಮನೆಯಲ್ಲಿ ಹೇಗೆ ಬದುಕಿವೆ ಎಂಬುದು ನನ್ನ ವಿಷಯ.

ಮೊದಲು ತಿಳಿಯದವರಿಗಾಗಿ ನಾಲ್ಕು ಮಾತು. ಸಿದ್ದಿಗಳು ಆಫ್ರಿಕಾ ಮೂಲದ ಜನ. ಕರ್ನಾಟಕದಲ್ಲಿ ಅವರು ಹೆಚ್ಚಾಗಿ ಇರುವುದು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆಯ ಕಾಡಿನ ಅಂಚಿನಲ್ಲಿ. ಅದಕ್ಕೆ ಹೊಂದಿಕೊಂಡ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ. ಮತ್ತು ನಮ್ಮ ಖಾನಾಪುರದಲ್ಲಿ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಪಂಗಡವೆಂದು ಎಣಿಕೆಯಾದ ಸಿದ್ದಿಗಳು ಹತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು. ಆ ಎಣಿಕೆಯಲ್ಲಿ ನಮ್ಮ ತಾಲೂಕಿನವರು ಸೇರಿರಲಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಹಿಂದೂ ಸಿದ್ದಿಗಳು, ಕ್ರೈಸ್ತ ಸಿದ್ದಿಗಳು, ಮುಸ್ಲಿಂ ಸಿದ್ದಿಗಳು ಎಂದು ಮೂರು ಪಾಲು. ಕ್ರೈಸ್ತರ ಮನೆಯಲ್ಲಿ ಕೊಂಕಣಿ, ಮುಸ್ಲಿಮರ ಮನೆಯಲ್ಲಿ ದಖನಿ ಉರ್ದು. ಸಂತೆಗೆ ಬಂದರೆ ಮರಾಠಿ, ಶಾಲೆಗೆ ಬಂದರೆ ಕನ್ನಡ. ನಮ್ಮ ಹತ್ತು ವರ್ಷದ ಸಿದ್ದಿ ಹುಡುಗನಿಗೆ ಮೂರು ಭಾಷೆ ಬರುತ್ತಿತ್ತು, ನಾಲ್ಕನೆಯದರಲ್ಲಿ ನಾವು ಅವನನ್ನು ನಪಾಸು ಮಾಡುತ್ತಿದ್ದೆವು.

'ಸಿದ್ದಿ' ಎಂಬ ಮಾತಿಗೂ ನಮ್ಮ 'ಸಿದ್ಧಿ'ಗೂ ಸಂಬಂಧವಿಲ್ಲ. ಅರಬ್ಬಿಯ 'ಸಯ್ಯಿದಿ', ಅಂದರೆ ನನ್ನ ಒಡೆಯ, ಎಂಬ ಮಾತಿನಿಂದ ಬಂದದ್ದು ಎನ್ನುತ್ತಾರೆ. ಇನ್ನೊಂದು ಹೆಸರು ಹಬಶಿ. ಹಬಶ್ ಎಂದರೆ ಅಬಿಸೀನಿಯಾ, ಈಗಿನ ಇಥಿಯೋಪಿಯಾ ಸೀಮೆ. ಆಳಾಗಿ ಮಾರಲ್ಪಟ್ಟವರಿಗೆ 'ಒಡೆಯ' ಎಂಬ ಹೆಸರು ಹೇಗೆ ಬಂತು ಎಂದು ಮಕ್ಕಳು ಕೇಳಬಹುದು. ಕೆಲವರು ನಿಜವಾಗಿಯೂ ಒಡೆಯರಾದರು. ಅಹಮದನಗರದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖನ್ನಿಗೆ ಬಂದವನು. 1626ರಲ್ಲಿ ಸಾಯುವವರೆಗೂ ಮೊಗಲ ಸೈನ್ಯಕ್ಕೆ ನಿದ್ದೆ ಕೊಡಲಿಲ್ಲ. ನಮ್ಮ ವಿಜಯಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯಾಗಿದ್ದ. 1660ರಲ್ಲಿ ಪನ್ಹಾಳ ಕೋಟೆಗೆ ಮುತ್ತಿಗೆ ಹಾಕಿದ ಸೇನಾಪತಿಯ ಹೆಸರು ಸಿದ್ದಿ ಜೌಹರ್.

ಬೆಳಗಾವಿ ನಗರ ಆ ಆದಿಲಶಾಹಿಯ ಒಂದು ಠಾಣೆ. ಕೋಟೆಯೊಳಗಿನ ಸಫಾ ಮಸೀದಿಯನ್ನು ಕಟ್ಟಿಸಿದ ಅಸದ್ ಖಾನ್ ಲಾರಿ ಪರ್ಶಿಯಾದ ಲಾರ್ ಊರಿನ ಕಡೆಯವನು. ಅವನ ಹೆಸರು ಗೊತ್ತು, ಊರು ಗೊತ್ತು, ಸತ್ತ ವರ್ಷ 1549 ಎಂಬುದೂ ಗೊತ್ತು. ಕಲ್ಲಿನಲ್ಲಿ ಪಾರ್ಸಿ ಅಕ್ಷರ ಕೊರೆಸುವ ಶಕ್ತಿ ಇದ್ದವರ ನೆನಪು ಹೀಗೆ ಉಳಿಯುತ್ತದೆ. ಇಖ್ಲಾಸ್ ಖಾನನ ಮುಖವನ್ನು ಚಿತ್ರಕಾರರು ಬರೆದಿಟ್ಟಿದ್ದಾರೆ, ಇವತ್ತಿಗೂ ನೋಡಬಹುದು. ಆದರೆ ಬೆಳಗಾವಿಯಿಂದ ಬಸ್ಸು ಹತ್ತಿ ಖಾನಾಪುರಕ್ಕೆ ಬಂದು, ಅಲ್ಲಿಂದ ಕಾಡಿನ ಕಡೆಗೆ ನಡೆದರೆ ಸಿಗುವ ಸಿದ್ದಿಗಳು ಇಂಥ ಸರದಾರರ ಮಕ್ಕಳಲ್ಲ. ಅವರ ಹಿರಿಯರಿಗೆ ಕಲ್ಲೂ ಇಲ್ಲ, ಚಿತ್ರವೂ ಇಲ್ಲ.

ಅವರು ಬಂದ ದಾರಿ ಬೇರೆ. ಪೋರ್ತುಗೀಜರು ತಮ್ಮ ಮೊಜಾಂಬಿಕ್ ಕಡೆಯಿಂದ ಜನರನ್ನು ಹಡಗಿನಲ್ಲಿ ತುಂಬಿ ಗೋವೆಗೆ ತಂದು ಮಾರುತ್ತಿದ್ದರು. ಮನೆಗೆಲಸಕ್ಕೆ, ಮೇಣೆ ಹೊರಲು, ಬಂದರಿನ ಕೂಲಿಗೆ. ತಪ್ಪಿಸಿಕೊಂಡವರಿಗೆ ಇದ್ದದ್ದು ಒಂದೇ ದಿಕ್ಕು: ಪೂರ್ವಕ್ಕೆ, ಘಟ್ಟ ಹತ್ತಿ, ಕಾಡಿನೊಳಕ್ಕೆ. ಗೋವೆಯ ಗಡಿ ದಾಟಿದರೆ ಸಿಗುವ ಮೊದಲ ಸೀಮೆಗಳಲ್ಲಿ ನಮ್ಮದೂ ಒಂದು. ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಎಂದು ಕಂಪನಿ ಸರಕಾರ 1843ರಲ್ಲಿ ಕಾಯ್ದೆ ಮಾಡಿತು. ಪೋರ್ತುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಪೂರ್ತಿ ತೆಗೆದದ್ದು 1869ರಲ್ಲಿ. ಅಂದರೆ ಘಟ್ಟದ ಕೆಳಗೆ ಒಂದು ಕಾನೂನು, ಮೇಲೆ ಒಂದು ಕಾನೂನು ಎಂಬ ಇಪ್ಪತ್ತಾರು ವರ್ಷಗಳಿದ್ದವು. ಓಡಿಬಂದವರು ಕಾಡಿನಲ್ಲಿ ಅಡಗಿದರು, ಅಡಿಕೆ ತೋಟದವರ, ಗೌಡರ, ಇನಾಮದಾರರ ಹೊಲಮನೆಗಳಲ್ಲಿ ದುಡಿದರು. ಆಸರೆ ಕೊಟ್ಟವರ ನಂಬಿಕೆ ಹಲವರ ನಂಬಿಕೆಯಾಯಿತು. ಗೋವೆಯಲ್ಲಿ ದೀಕ್ಷೆ ಪಡೆದವರು ಕ್ರೈಸ್ತರಾಗಿ ಉಳಿದರು. ಮುಸ್ಲಿಂ ಮನೆತನಗಳ, ನವಾಬರ ಆಶ್ರಯಕ್ಕೆ ಬಂದವರು ಕಲಿಮಾ ಓದಿದರು. ಹವ್ಯಕರ, ಮರಾಠರ ನಡುವೆ ಇದ್ದವರು ಹಿಂದೂಗಳಾದರು.

ಇಲ್ಲಿ ಒಂದು ಮಾತು ಗಮನಿಸಬೇಕು. 'ಆಫ್ರಿಕಾ' ಎಂಬ ಹೆಸರು ನಮ್ಮ ಸಿದ್ದಿ ಅಜ್ಜಿಯರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. "ನಾವು ಗೋವಾ ಕಡಿಂದ ಘಟ್ಟಾ ಹತ್ತಿ ಬಂದವರು" ಎನ್ನುತ್ತಿದ್ದರು. ನೆನಪು ಗೋವೆಯ ತನಕ ಹೋಗಿ ನಿಲ್ಲುತ್ತದೆ. ಅದರಾಚೆಗೆ ಸಮುದ್ರ. ಆಫ್ರಿಕಾ ಆ ಮನೆಗಳಿಗೆ ಬಂದದ್ದು ಶಾಲೆಯ ಭೂಪಟದಿಂದ, ಸಂಶೋಧಕರಿಂದ, ಆಮೇಲೆ ಟಿವಿಯಿಂದ. ಈಗ ಕ್ಯಾಮೆರಾ ಹಿಡಿದು ಬರುವವರಿಗೆ ಸಿದ್ದಿಗಳೆಂದರೆ ಕುಣಿಯಬೇಕು, ಅಷ್ಟೇ. ಎಲೆ ಕಟ್ಟಿಕೊಂಡು ಕುಣಿಯಿರಿ ಎನ್ನುವವರೂ ಇದ್ದಾರೆ. ನಮ್ಮ ಹುಸೇನಸಾಬ ಅಂಗಿ ಇಸ್ತ್ರಿ ಮಾಡಿಕೊಂಡು ಶಾಲೆಗೆ ಬರುತ್ತಿದ್ದ ಹುಡುಗ.

ಹಾಗಾದರೆ ಇಸ್ಲಾಂ ಈ ಜನಕ್ಕೆ ಏನು ಕೊಟ್ಟಿತು? ನನ್ನ ತಿಳುವಳಿಕೆಯಲ್ಲಿ ದೊಡ್ಡ ಕೊಡುಗೆ ಒಂದು ಹೆಸರು: ಬಿಲಾಲ್. ಮಕ್ಕದಲ್ಲಿ ಗುಲಾಮನಾಗಿ, ನಂಬಿಕೆಗಾಗಿ ಸುಡು ಮರಳಿನ ಮೇಲೆ ಹಿಂಸೆ ಉಂಡು, ಬಿಡುಗಡೆಯಾಗಿ, ಪ್ರವಾದಿಯವರಿಂದಲೇ ಅಜಾನ್ ಕೂಗಲು ನೇಮಕವಾದ ಹಬಶಿ. ಜಗತ್ತಿನ ಮೊದಲ ಮುಅಜ್ಜಿನ್. ಮಕ್ಕ ಕೈಗೆ ಬಂದ ದಿನ, 630ರಲ್ಲಿ, ಕಾಬಾದ ಮೇಲೆ ಹತ್ತಿ ಅಜಾನ್ ಕೊಟ್ಟವನು ಅವನೇ. ಇನ್ನೂ ಇದೆ. ಮಕ್ಕದಲ್ಲಿ ಕಿರುಕುಳ ತಾಳಲಾರದೆ ಮೊದಲ ಮುಸ್ಲಿಮರು ವಲಸೆ ಹೋದದ್ದು ಎಲ್ಲಿಗೆ? ಮದೀನಕ್ಕಲ್ಲ. ಅದಕ್ಕಿಂತ ಮೊದಲು, ಸುಮಾರು 615ರಲ್ಲಿ, ಸಮುದ್ರ ದಾಟಿ ಹಬಶ್ ದೇಶಕ್ಕೆ. ಅಲ್ಲಿನ ಕ್ರೈಸ್ತ ರಾಜ ನಜ್ಜಾಶಿ ಅವರಿಗೆ ಆಸರೆ ಕೊಟ್ಟ. ಹಿಂದಕ್ಕೆ ಕೊಡಿರೆಂದು ಮಕ್ಕದವರು ಕಾಣಿಕೆ ತಂದರೂ ಕೊಡಲಿಲ್ಲ. ಕರ್ಬಲಾದಲ್ಲಿ ಇಮಾಮ್ ಹುಸೇನರ ಜೊತೆ ಪ್ರಾಣ ಕೊಟ್ಟವರಲ್ಲಿ ಜೌನ್ ಎಂಬ ಹಬಶಿಯೂ ಒಬ್ಬ, ಬಿಡುಗಡೆಯಾದ ಗುಲಾಮ.

ಹಾದಿಯಲ್ಲಿ ಬಣ್ಣ, ಕೂದಲು ನೋಡಿ ನಗುವ ಜನರ ನಡುವೆ ಬೆಳೆಯುವ ಹುಡುಗನಿಗೆ ಇದು ಸಣ್ಣ ಮಾತಲ್ಲ. ನಮ್ಮ ಸಮಾಜ ವಿಜ್ಞಾನದ ಪಾಠ ಅವನಿಗೆ ಕೊಟ್ಟದ್ದು 'ಕಗ್ಗತ್ತಲೆಯ ಖಂಡ' ಎಂಬ ಎರಡು ಶಬ್ದ. ಅವನ ಮಸೀದಿ ಅವನಿಗೆ ಬಿಲಾಲನನ್ನು ಕೊಟ್ಟಿತ್ತು. ಒಮ್ಮೆ ತರಗತಿಯಲ್ಲಿ ಯಾರೋ ಅವನ ಬಣ್ಣ ಎತ್ತಿ ಮಾತಾಡಿದಾಗ ಒಬ್ಬ ಹುಡುಗ ಎದ್ದು ನಿಂತು, "ಬಾಂಗ್ ಮೊದಲ ಕೂಗಿದಾಂವ ನಮ್ಮಾಂವ" ಎಂದ. ಸಾಬರ ಹುಡುಗರೆಲ್ಲ ಹೌದೆಂದು ತಲೆ ಆಡಿಸಿದರು. ನಾನು ಆ ದಿನ ಪಾಠದ ಪುಸ್ತಕ ಮುಚ್ಚಿಟ್ಟೆ.

ಇನ್ನು ಹಿರಿಯರ ವಿಷಯ. ಸಿದ್ದಿಗಳ ಮೇಲೆ ಕನ್ನಡ ನಾಡಿನ ಸಮಾಜಶಾಸ್ತ್ರಜ್ಞ ಟಿ. ಸಿ. ಪಾಲಾಕ್ಷಪ್ಪನವರ ಪುಸ್ತಕ 1976ರಲ್ಲಿ ಬಂತು. ಘಾನಾ ದೇಶದಲ್ಲಿ ಹುಟ್ಟಿದ ವಿದ್ವಾಂಸ ಪಾಶಿಂಗ್ಟನ್ ಓಬೆಂಗ್ ಇಲ್ಲಿಗೆ ಬಂದು ಮೂರೂ ಧರ್ಮದ ಸಿದ್ದಿಗಳ ನಡುವೆ ಓಡಾಡಿ ಬರೆದರು. ಬರೆದವರೆಲ್ಲ ಗುರುತಿಸಿದ್ದು ಒಂದನ್ನು: ಧರ್ಮ ಯಾವುದೇ ಇರಲಿ, ಸಿದ್ದಿಗಳು ಹಿರಿಯರನ್ನು ಬಿಟ್ಟಿಲ್ಲ. ಅವರೆಲ್ಲ ಬಳಸುವ ಶಬ್ದವೂ ಅಚ್ಚಗನ್ನಡದ್ದೇ, 'ಹಿರಿಯರು'. ಹಿಂದೂ ಸಿದ್ದಿಯ ಮನೆಯ ಮೂಲೆಯಲ್ಲಿ ಹಿರಿಯರ ಹೆಸರಿನಲ್ಲಿ ಒಂದು ಹಿತ್ತಾಳೆ ತಂಬಿಗೆ, ಅದರ ಮೇಲೆ ತೆಂಗಿನಕಾಯಿ. ವರ್ಷಕ್ಕೊಮ್ಮೆ ಹೊಸ ಕಾಯಿ, ಎಡೆ. ಕ್ರೈಸ್ತ ಸಿದ್ದಿ ನವೆಂಬರ್ 2ರಂದು ಸತ್ತವರ ಹಬ್ಬಕ್ಕೆ ಗೋರಿಯ ಮೇಲೆ ಮೇಣಬತ್ತಿ ಹಚ್ಚುತ್ತಾನೆ. ಮುಸ್ಲಿಂ ಸಿದ್ದಿಯ ಮನೆಯಲ್ಲಿ ಫಾತೆಹಾ.

ನಮ್ಮ ಕಡೆ ಫಾತೆಹಾ ಎಂದರೆ ಎಲ್ಲರಿಗೂ ಗೊತ್ತು, 'ಸಕ್ಕರಿ ಓದಸೂದು' ಎನ್ನುತ್ತೇವೆ. ಅಡಿಗೆ ಮಾಡಿ ಮುಂದಿಟ್ಟು, ಕೆಂಡದ ಮೇಲೆ ಲೋಬಾನ ಹಾಕಿ, ಕುರಾನಿನ ಮೊದಲ ಅಧ್ಯಾಯವನ್ನೂ ಕೆಲವು ಚಿಕ್ಕ ಅಧ್ಯಾಯಗಳನ್ನೂ ಓದುತ್ತಾರೆ. ಓದಿದ್ದರ ಪುಣ್ಯ, ಅವರ ಮಾತಿನಲ್ಲಿ ಸವಾಬು, ತೀರಿಹೋದವರಿಗೆ ಮುಟ್ಟಲಿ ಎಂದು ದುವಾ ಬೇಡುತ್ತಾರೆ. ಆ ಮೇಲೆ ಅಡಿಗೆಯನ್ನು ಎಲ್ಲರೂ ಉಣ್ಣುತ್ತಾರೆ, ಓಣಿಗೂ ಹಂಚುತ್ತಾರೆ. ಶಬೆ ಬರಾತಿನ ರಾತ್ರಿ ಇದು ಎಲ್ಲ ಮುಸ್ಲಿಂ ಮನೆಗಳಲ್ಲೂ ಇರುತ್ತಿತ್ತು. ಸಿದ್ದಿ ಮನೆಯದರಲ್ಲಿ ವಿಶೇಷವೇನು?

ದುವಾದಲ್ಲಿ ಹೆಸರು ಹೇಳಬೇಕು. ಯಾರ ಪಾಲಿಗೆ ಸವಾಬು ಎಂದು ಓದುವವರು ಕೇಳುತ್ತಾರೆ. ಬೇರೆಯವರ ಮನೆಯಲ್ಲಿ ಅಜ್ಜ, ಮುತ್ತಜ್ಜ, ಅವರ ಪೀರ್ ಮನೆತನ ಎಂದು ಸಾಲು ಬೆಳೆಯುತ್ತದೆ. ಸಿದ್ದಿ ಮನೆಯಲ್ಲಿ ನಾಲ್ಕನೆಯ ಹೆಸರಿಗೆ ಸಾಲು ಕಡಿಯುತ್ತದೆ. ಕಡಿಯದೆ ಏನಾದೀತು? ಹಡಗಿನಲ್ಲಿ ಒಂದು ಹೆಸರು, ಗೋವೆಯ ಒಡೆಯ ಇಟ್ಟದ್ದು ಇನ್ನೊಂದು, ಕಾಡಿಗೆ ಬಂದ ಮೇಲೆ ಮತ್ತೊಂದು. ಹಾಗಾಗಿ ನಾಲ್ಕು ಹೆಸರು ಹೇಳಿದ ಮೇಲೆ ಮನೆಯ ಹಿರಿಯ ಹೆಂಗಸು, "ಮತ್ತ ನಮ್ಮ ಹಿರ್ಯಾರು, ಹೆಸರು ಗೊತ್ತಿಲ್ಲದವರು, ದಾರ್ಯಾಗ ಹ್ವಾದವರು, ಎಲ್ಲಾರಿಗೂ" ಎನ್ನುತ್ತಿದ್ದಳು. ನಾನು ಕೇಳಿದ ಮನೆಯಲ್ಲಿ ಹೀಗೆ ಹೇಳುತ್ತಿದ್ದರು. ಮೊಜಾಂಬಿಕ್ ಎಂಬ ಶಬ್ದ ಆ ತಾಯಿಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಹೋದವರು ಬಹಳ ಮಂದಿ ಎಂಬುದು ಗೊತ್ತಿತ್ತು.

ಇತಿಹಾಸ ಕಲಿಸಿದವನಾಗಿ ಹೇಳುತ್ತೇನೆ, ಇದು ಕಡಿಮೆ ದರ್ಜೆಯ ಇತಿಹಾಸವಲ್ಲ. ಹೆಸರು, ಇಸವಿ ಎರಡನ್ನೂ ಕಸಿದುಕೊಂಡ ಮೇಲೂ ಒಂದು ಜನ ತನ್ನವರನ್ನು ಲೆಕ್ಕದಿಂದ ಬಿಟ್ಟಿಲ್ಲ. ಅದಕ್ಕೆ ಬೇಕಾದ ಪಾತ್ರೆಯನ್ನು ಇಸ್ಲಾಂ ಕೊಟ್ಟಿತು. ಅದರೊಳಗೆ ತುಂಬಿದ ನೆನಪು ಅವರದು.

ಆದರೆ ಈಗ ಆ ಮನೆಗಳಲ್ಲಿ ಒಂದು ತಕರಾರು ಇದೆ, ಅದನ್ನು ಮುಚ್ಚಿಟ್ಟು ಮಾತಾಡಿದರೆ ನಾನು ಬಂದದ್ದು ವ್ಯರ್ಥ. ನಮ್ಮ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಎಷ್ಟೋ ಹುಡುಗರು ಕೆಲಸಕ್ಕೆಂದು ಬೆಳಗಾವಿಗೆ ಹೋಗುತ್ತಾರೆ. ಗ್ಯಾರೇಜು, ಹೋಟೆಲು, ಕಟ್ಟಡದ ಕೆಲಸ. ಶುಕ್ರವಾರ ದೊಡ್ಡ ಮಸೀದಿಯಲ್ಲಿ ನಮಾಜು, ಅಲ್ಲಿ ಓದಿದವರ ಬಯಾನು. ಮೊದಲ ಬಾರಿಗೆ ಅವರಿಗೆ ಸಾವಿರಾರು ಜನರ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಅನುಭವ. ಅಲ್ಲಿ ಯಾರೂ ಕೂದಲು ಮುಟ್ಟಿ ನೋಡುವುದಿಲ್ಲ. ಅದರ ಬೆಲೆ ಅವರಿಗೇ ಗೊತ್ತು. ಊರಿಗೆ ಬಂದವರೇ ಅಜ್ಜಿಗೆ ಹೇಳುತ್ತಾರೆ: ಅಡಿಗೆ ಮುಂದಿಟ್ಟು ಓದಿಸುವುದು ಬಿದತ್, ದೀನಿನಲ್ಲಿ ಇಲ್ಲದ್ದು, ಡೋಲು ಬಾರಿಸುವುದು ಬೇಡ, ಮೊಹರಮ್ಮಿಗೆ ಪಂಜಾ ಹಿಡಿಯುವುದು ಬೇಡ, ಹಿರಿಯರು ಕೊಡುವುದೇನೂ ಇಲ್ಲ, ಕೊಡುವವನು ಅಲ್ಲಾಹ ಒಬ್ಬನೇ.

ನಾನು ಆಲಿಮ್ ಅಲ್ಲ, ಮುಸಲ್ಮಾನನೂ ಅಲ್ಲ. ಈ ವಾದದಲ್ಲಿ ತೀರ್ಪು ಕೊಡುವ ಹಕ್ಕು ನನಗಿಲ್ಲ. ಹುಡುಗರ ಮಾತಿನಲ್ಲೂ ಸತ್ಯವಿದೆ: ದೇವರ ಜೊತೆ ಇನ್ನೊಬ್ಬರನ್ನು ಸೇರಿಸಬಾರದು ಎಂಬುದೇ ಆ ಧರ್ಮದ ಬುನಾದಿ. ಆದರೆ ಒಬ್ಬ ಅಜ್ಜಿ ಮೊಮ್ಮಗನಿಗೆ ಕೊಟ್ಟ ಉತ್ತರ ಇಲ್ಲಿ ಹೇಳಲೇಬೇಕು. "ಬೇಡೂದು ಅಲ್ಲಾನ್ನ. ನೆನಸೂದು ಹಿರ್ಯಾರನ್ನ. ಬೇಡೂದ ಬ್ಯಾರೆ, ನೆನಸೂದ ಬ್ಯಾರೆ. ನೀ ಶಾರಕ್ಕ ಹೋಗಿ ಎರಡೂ ಕೂಡಿಸಿಕೊಂಡು ಬಂದಿ." ಮೊಮ್ಮಗ ಸುಮ್ಮನಾದ. ಒಪ್ಪಿದ ಎಂದು ನಾನು ಹೇಳಲಾರೆ. ನಂಬಿಕೆಯೊಂದಿಗೆ ತಮಗಿಂತ ಮುಂಚೆ ಹೋದವರಿಗಾಗಿ ಕ್ಷಮೆ ಬೇಡುವ ಪ್ರಾರ್ಥನೆ ಕುರಾನಿನಲ್ಲೇ ಇದೆ. ಪ್ರವಾದಿಯವರು ರಾತ್ರಿ ಎದ್ದು ಮದೀನದ ಬಕೀ ಸ್ಮಶಾನಕ್ಕೆ ಹೋಗಿ ಸತ್ತವರಿಗಾಗಿ ದುವಾ ಮಾಡಿದ್ದೂ ಹದೀಸಿನಲ್ಲಿದೆ. ಇವನ್ನು ಓದಿದ ಮೌಲವಿಗಳು ಬೆಳಗಾವಿಯಲ್ಲೂ ಇದ್ದಾರೆ, ಎರಡೂ ಪಕ್ಷದಲ್ಲಿ ಇದ್ದಾರೆ. ವಾದ ಅವರೊಳಗೇ ನಡೆಯಲಿ. ನನ್ನ ಚಿಂತೆ ಬೇರೆ: ಫಾತೆಹಾ ನಿಂತರೆ ಆ ನಾಲ್ಕು ಹೆಸರುಗಳನ್ನು ವರ್ಷಕ್ಕೊಮ್ಮೆ ಗಟ್ಟಿಯಾಗಿ ಹೇಳುವ ಜಾಗ ಎಲ್ಲಿ? ಓದಿಸದಿದ್ದರೆ ಬಿಡಲಿ, ಬರೆದಿಡಲಿ. ಅದಕ್ಕೆ ಯಾವ ಮೌಲವಿಯೂ ಬೇಡ ಎನ್ನಲಾರ.

ಮೊಹರಂ ಮಾತು ಬಂತು. ನಮ್ಮ ಉತ್ತರ ಕರ್ನಾಟಕದ ಮೊಹರಂ ಸಾಬರದಷ್ಟೇ ಅಲ್ಲ ಎಂದು ನಿಮಗೆ ಹೇಳಬೇಕಿಲ್ಲ. ಅಲಾವಿ ಕುಣಿ ಹಾರುವವರಲ್ಲಿ, ಕರ್ಬಲಾದ ಕತೆಯನ್ನು ಕನ್ನಡದಲ್ಲಿ ರಿವಾಯತ್ ಪದ ಮಾಡಿ ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಚೊಂಗೆ, ಶರಬತ್ತು ಎಲ್ಲರ ಮನೆಗೂ ಹೋಗುತ್ತವೆ. ಸಿದ್ದಿಗಳು ಈ ಹಬ್ಬಕ್ಕೆ ಬಂದದ್ದು ಡೋಲಿನ ಜೊತೆ. ಅವರ ಆ ದೊಡ್ಡ ವಾದ್ಯಕ್ಕೆ ದಮಾಮ್ ಎನ್ನುತ್ತಾರೆ. ಅದರಿಂದಲೇ ಯಲ್ಲಾಪುರ, ಶಿರಸಿ ಕಡೆ ಅವರ ಕುಣಿತಕ್ಕೆ ಡಮಾಮಿ ಎಂದು ಹೆಸರು. ಕೇಳಿದವರು ಇದು ಆಫ್ರಿಕಾದ ಶಬ್ದ ಎಂದುಕೊಳ್ಳುತ್ತಾರೆ. ಅಲ್ಲ, 'ದಮಾಮಾ' ಪಾರ್ಸಿ ಶಬ್ದ, ದಖನ್ನಿನ ಸೈನ್ಯಗಳ ಮುಂದೆ ಬಾರಿಸುತ್ತಿದ್ದ ದೊಡ್ಡ ನಗಾರಿಗೆ ಇದ್ದ ಹೆಸರು. ವಾದ್ಯದ ಹೆಸರು ಸುಲ್ತಾನರದು, ಅದರ ಮೇಲೆ ಬೀಳುವ ಪೆಟ್ಟು ಸಿದ್ದಿಗಳದು, ಹಾಡು ಕೊಂಕಣಿ, ಮರಾಠಿ, ಕನ್ನಡ ಕಲಸಿದ್ದು. ಬೆರಕೆ ಎಂದು ಬೈಯುವ ಮಾತಿದೆಯಲ್ಲ, ಆ ಬೆರಕೆ ಎಷ್ಟು ದೊಡ್ಡದನ್ನು ಉಳಿಸಿಕೊಟ್ಟಿದೆ ನೋಡಿ.

ಕೌದಿಯ ಮಾತೂ ಹೀಗೆಯೇ. ನಮ್ಮೆಲ್ಲರ ಮನೆಯಲ್ಲೂ ಕೌದಿ ಇದೆ. ಸಿದ್ದಿ ಹೆಂಗಸರು ಅದನ್ನು ಕವಂದಿ ಎನ್ನುತ್ತಾರೆ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಒಂದು ಮೂಲೆಯಿಂದ ಹಿಡಿದು ಸುತ್ತಲೂ ಹೊಲಿಯುತ್ತ ಹೊಲಿಯುತ್ತ ಒಳಕ್ಕೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ತ್ರಿಕೋನದ ಮಡಿಕೆ, ಅದಕ್ಕೆ 'ಫೂಲ' ಎಂದು ಹೆಸರು. ಫೂಲ ಇಲ್ಲದ ಕವಂದಿ ಬೆತ್ತಲೆ ಇದ್ದ ಹಾಗೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ಜಗತ್ತಿಗೆ ತೋರಿಸಿದರು. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣುತ್ತದೆ. ಹೊಲಿಗೆ ಮಾತ್ರ ಒಂದೇ. ತೀರಿಹೋದ ತಾಯಿಯ ಸೀರೆಯ ತುಂಡು ಕೂಸಿನ ಹಾಸಿಗೆಯಾಗುತ್ತದೆ. ಅದಕ್ಕೆ ಯಾರೂ ಬಿದತ್ ಎನ್ನಲಿಲ್ಲ ಎಂಬುದು ನನ್ನ ಸಮಾಧಾನ.

ನಂದಗಡದವರು ಇಲ್ಲಿ ಬಹಳ ಜನ ಕೂತಿದ್ದೀರಿ. ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ನಿಮ್ಮ ಊರ ಹತ್ತಿರ. ಅವನ ಜೊತೆಗಾರರಲ್ಲಿ ಗಜವೀರ ಎಂಬ ಸಿದ್ದಿ ಇದ್ದನೆಂದು ಜನಪದರು ಹೇಳುತ್ತ ಬಂದಿದ್ದಾರೆ. ಕಾಡಿನ ಹಾದಿ ಬಲ್ಲವನು, ಕೈಬಿಡದವನು. ರಾಯಣ್ಣನ ಹೆಸರನ್ನು ಉಳಿಸಿದ್ದೇ ಮೊದಲು ಲಾವಣಿ, ಆಮೇಲೆ ಪುಸ್ತಕ. ಅದೇ ಲಾವಣಿಯವರು ಗಜವೀರನನ್ನೂ ಉಳಿಸಿದರು. ಸಿದ್ದಿ ಮಕ್ಕಳು ನಾಟಕದಲ್ಲಿ ಆ ಪಾತ್ರ ಕೇಳಿ ಪಡೆಯುತ್ತಿದ್ದರು. ಹಿಂದೂ ಸಿದ್ದಿ, ಮುಸ್ಲಿಂ ಸಿದ್ದಿ ಎಂಬ ಭೇದ ಅಲ್ಲಿ ಬರುತ್ತಿರಲಿಲ್ಲ. ಗಜವೀರ ಎಲ್ಲರ ಹಿರಿಯ.

ಈಗ ಆ ಎಣಿಕೆಯ ವಿಷಯಕ್ಕೆ ಬರುತ್ತೇನೆ. 2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೆ ಪಟ್ಟಿಯಲ್ಲಿ ಬರೆದದ್ದು 'ಉತ್ತರ ಕನ್ನಡ ಜಿಲ್ಲೆಯ ಸಿದ್ದಿ' ಎಂದು. ಹಳಿಯಾಳದಲ್ಲಿರುವ ಅಣ್ಣ ಪಂಗಡದವನು, ಖಾನಾಪುರಕ್ಕೆ ಮದುವೆಯಾಗಿ ಬಂದ ತಂಗಿಯ ಮಕ್ಕಳು ಅಲ್ಲ. ನಡುವೆ ಇರುವುದು ಅದೇ ಕಾಡು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸಲು ಸಂಸತ್ತು ತಿದ್ದುಪಡಿ ಮಾಡಿದ್ದು 2020ರಲ್ಲಿ. ಹದಿನೇಳು ವರ್ಷ. ಒಂದು ಮಗು ಹುಟ್ಟಿ, ನಮ್ಮ ಶಾಲೆ ಮುಗಿಸಿ, ಪಿಯುಸಿ ಕಟ್ಟುವಷ್ಟು ಕಾಲ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಶಾಸನಸಭೆ ಪ್ರವೇಶಿಸಿದ ಮೊದಲಿಗರು.

ಪರಿಶಿಷ್ಟ ಪಂಗಡದ ಪಟ್ಟಿಗೆ ಧರ್ಮ ಅಡ್ಡ ಬರುವುದಿಲ್ಲ. ಇದನ್ನು ತಂದೆತಾಯಂದಿರು ತಿಳಿದುಕೊಳ್ಳಬೇಕು, ಯಾಕೆಂದರೆ 'ಮುಸ್ಲಿಮರಾದರೆ ಸಿಗೂದಿಲ್ಲ' ಎಂಬ ತಪ್ಪು ಮಾತು ಓಡಾಡುತ್ತಿದೆ. ಹಿಂದೂ, ಕ್ರೈಸ್ತ, ಮುಸ್ಲಿಂ, ಯಾವ ಸಿದ್ದಿಯೂ ಸಿದ್ದಿಯೇ. ತೊಡಕು ಇರುವುದು ಬೇರೆ ಕಡೆ. ಪ್ರಮಾಣಪತ್ರಕ್ಕೆ ಹೋದರೆ ಅಪ್ಪನ, ಅಜ್ಜನ ಶಾಲೆಯ ದಾಖಲೆ ಕೇಳುತ್ತಾರೆ. ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಸಿದ್ದಿ ಮುಸ್ಲಿಂ ಮಕ್ಕಳ ಜಾತಿಯ ಕಾಲಮ್ಮಿನಲ್ಲಿ ಅನೇಕ ಕಡೆ ಬರೀ 'ಮುಸ್ಲಿಂ' ಎಂದಿದೆ, ಅಡ್ಡಹೆಸರಿನ ಜಾಗದಲ್ಲಿ 'ಸಾಬ' ಎಂದಿದೆ. ಬರೆದ ಕೈಗೆ ಅದರಲ್ಲಿ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಆ ಒಂದು ಗೆರೆಯಿಂದ ಇವತ್ತಿನ ಮೊಮ್ಮಗಳ ಹಾಸ್ಟೆಲ್ ಸೀಟು ನಿಂತಿದೆ. ಅವಳ ಮುಖ ನೋಡಿದರೆ ಸಾಲದೇ ಎಂದು ನೀವು ಕೇಳಬಹುದು. ಮುಖವನ್ನು ಫೈಲಿಗೆ ಲಗತ್ತಿಸಲು ಬರುವುದಿಲ್ಲ.

ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸಿದ್ದಿಗಳ ವಂಶವಾಹಿಯಲ್ಲಿ ಆಫ್ರಿಕಾದ ಪಾಲು ದೊಡ್ಡದು, ಜೊತೆಗೆ ಭಾರತದ್ದು, ಸ್ವಲ್ಪ ಯುರೋಪಿನದೂ ಇದೆ. ಇಲ್ಲಿನವರೊಂದಿಗೆ ಬೆರೆತದ್ದು ಸುಮಾರು 200 ವರ್ಷಗಳಿಂದೀಚೆಗೆ, ಎಂಟು ತಲೆಮಾರು, ಎಂದು ಅದು ಲೆಕ್ಕ ಹಾಕಿತು. ರಕ್ತ ಎಂಟು ತಲೆಮಾರು ಹೇಳುತ್ತದೆ, ಫಾತೆಹಾದಲ್ಲಿ ನಾಲ್ಕು ಹೆಸರು ಸಿಗುತ್ತವೆ, ಕಚೇರಿ ಕೇಳುವುದು ಎರಡು ತಲೆಮಾರಿನ ಕಾಗದ. ಆ ಎರಡು ಸಿಗುವುದು ಶಾಲೆಯಲ್ಲಿ. ಆದ್ದರಿಂದಲೇ ಈ ವೇದಿಕೆಯನ್ನು ಬಳಸಿಕೊಂಡು ಕೇಳುತ್ತಿದ್ದೇನೆ.

ಸುವರ್ಣ ಮಹೋತ್ಸವದ ನಿಧಿಯಲ್ಲಿ ಉಳಿದ ಹಣದಿಂದ ಕಮಾನು ಕಟ್ಟಿಸುವ ವಿಚಾರ ಇದೆ ಎಂದು ಕೇಳಿದೆ. ಕಮಾನು ಆಗಲಿ, ಬೇಡ ಎನ್ನುವುದಿಲ್ಲ. ಅದಕ್ಕೆ ಮೊದಲು ಐವತ್ತು ವರ್ಷದ ದಾಖಲಾತಿ ಪುಸ್ತಕಗಳನ್ನು ಬೈಂಡು ಮಾಡಿಸಿರಿ. ಮೊದಲ ಎರಡು ಪುಸ್ತಕಗಳ ಅಂಚು ಗೆದ್ದಲು ತಿಂದಿದೆ. ಸಿದ್ದಿ ಕುಟುಂಬಗಳಿಗೆ ಬೇಕಾದ ನಕಲು ಪ್ರತಿಗಳನ್ನು ಅಲೆದಾಡಿಸದೆ ಕೊಡಲು ವಾರದಲ್ಲಿ ಒಂದು ದಿನ ಗೊತ್ತುಮಾಡಿರಿ. ಅಣ್ಣ ತಮ್ಮ, ಅಕ್ಕ ತಂಗಿ, ದೊಡ್ಡಪ್ಪನ ಮಕ್ಕಳ ದಾಖಲೆಗಳಲ್ಲಿ ಎಲ್ಲಾದರೂ ಒಂದು ಕಡೆ 'ಸಿದ್ದಿ' ಎಂದು ಇರುತ್ತದೆ. ಅದನ್ನು ಹುಡುಕಿ ಜೋಡಿಸುವ ಕೆಲಸಕ್ಕೆ ನನ್ನಂಥ ನಿವೃತ್ತರು ಮೂರು ನಾಲ್ಕು ಜನ ಇದ್ದೇವೆ, ಸೋಮವಾರದಿಂದಲೇ ಬರುತ್ತೇವೆ. ಸಿದ್ದಿ ಮನೆಗಳ ಮಕ್ಕಳಿಗೆ ಒಂದು ಮಾತು: ಈ ಸಲದ ಶಬೆ ಬರಾತಿಗೆ, ಹಿರಿಯರ ಹಬ್ಬಕ್ಕೆ, ನವೆಂಬರದ ಗೋರಿ ಪೂಜೆಗೆ ನಿಮ್ಮ ಅಜ್ಜಿಯರು ಹೇಳುವ ಹೆಸರುಗಳನ್ನು ಒಂದು ವಹಿಯಲ್ಲಿ ಬರೆದುಕೊಂಡು ಬನ್ನಿ. ಯಾವ ಭಾಷೆಯಲ್ಲಾದರೂ ಬರೆಯಿರಿ. ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ.

ಊಟಕ್ಕೆ ಹೊತ್ತಾಯಿತು.